ಬರೀ ‘ಬೇಡ’ ಅಂತ ಬರೆದರೆ ಏನಾಗುತ್ತೆ

ಹೊಳೆ ದಡದ ಊರಿನ ಸಾರ್ವಜನಿಕ ಸಭೆ ಅಂದರೆ ನನಗೆ ಮೊದಲು ನೆನಪಾಗುವುದು ಮೈಕು. ಸಮುದಾಯ ಭವನದಲ್ಲಿ ಇರುವುದು ಒಂದೇ ಮೈಕು. ಮೊದಲ ಮುಕ್ಕಾಲು ಗಂಟೆ ಅದು ವೇದಿಕೆಯಿಂದ ಇಳಿಯುವುದಿಲ್ಲ. ಕೆಳಗೆ ಬರುವ ಹೊತ್ತಿಗೆ ಜನಕ್ಕೆ ಸಿಟ್ಟು ಬಂದಿರುತ್ತದೆ, ಉಪ್ಪಿಟ್ಟು ಆರಿರುತ್ತದೆ. ಗೋಡೆ ಮೇಲೆ ನಮ್ಮ ನಕ್ಷೆ. ಅದರಲ್ಲಿ ಹೊಳೆ ನೀಲಿ, ದಡ ಹಸಿರು. ಓಡಾಡುವವರೆಲ್ಲ ತೆಳ್ಳಗಿದ್ದಾರೆ, ಯಾರ ಕೈಯಲ್ಲೂ ತರಕಾರಿ ಚೀಲ ಇಲ್ಲ.

ಇಂಥ ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ಹಾಸನದಲ್ಲಿ ಕೂತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪಟ್ಟಣಗಳಿಗೆ ಕೆಲಸ ಮಾಡುತ್ತೇನೆ. ಇಪ್ಪತ್ತು ವರ್ಷದಿಂದ ಒಂದೇ ತಪ್ಪನ್ನು ನೋಡಿ ನೋಡಿ ಸಾಕಾಗಿದೆ.

ಹೇಮಾವತಿ ದಂಡೆಯ ಒಂದು ಊರು, ಹೆಸರು ಬೇಡ. ಹಳೇ ಪೇಟೆ, ಸಂತೆ ಮಾಳ, ಸೋಪಾನ ಎಲ್ಲ ಸೇರಿಸಿ ಹೊಸದು ಮಾಡುವ ಯೋಜನೆ. ಸಭೆಯಲ್ಲಿ ಎರಡು ಗಂಟೆ ಕೂಗಾಟ ಆಯಿತು. ಮಾರನೇ ದಿನ ಕಚೇರಿಗೆ ಒಂದು ಮನವಿ ಬಂತು. ‘ಈ ಮೇಲ್ಕಂಡ ಯೋಜನೆಯಿಂದ ಸಾರ್ವಜನಿಕರಿಗೆ ತೀವ್ರ ತೊಂದರೆಯಾಗುವುದರಿಂದ ಕೂಡಲೇ ಕೈಬಿಡಬೇಕಾಗಿ ಕೋರಿ.’ ಕೆಳಗೆ 412 ಸಹಿ. ಅಷ್ಟು ಸಹಿ ಸೇರಿಸಲು ಹುಡುಗರು ಸಭೆಗೆ ಮೊದಲೇ ಮೂರು ಸಂಜೆ ಮನೆಮನೆ ಸುತ್ತಿದ್ದರು. ಪಾಪ.

ಅದು ಏನಾಯಿತು ಹೇಳುತ್ತೇನೆ ಕೇಳಿ. ಬಂದ ಅರ್ಜಿಗಳನ್ನೆಲ್ಲ ನಾವು ಒಂದು ತಖ್ತೆಗೆ ಹಾಕುತ್ತೇವೆ. ಕ್ರಮ ಸಂಖ್ಯೆ, ಅರ್ಜಿದಾರರ ಹೆಸರು, ಆಕ್ಷೇಪಣೆಯ ಸಾರಾಂಶ, ಕಚೇರಿಯ ಅಭಿಪ್ರಾಯ. ಆ 412 ಜನ ಸೇರಿ ಒಂದು ಸಾಲಾದರು. ಸಾರಾಂಶ: ಯೋಜನೆ ಬೇಡ. ಅಭಿಪ್ರಾಯ: ಪರಿಶೀಲಿಸಲಾಗಿದೆ, ಸಾರ್ವಜನಿಕ ಹಿತದೃಷ್ಟಿಯಿಂದ ಯೋಜನೆ ಅಗತ್ಯವಿದೆ. ಆ ಸಾಲು ಟೈಪ್ ಮಾಡಿದವನು ನಾನೇ. ಒಂದು ನಿಮಿಷ ಕೂಡ ಹಿಡಿಯಲಿಲ್ಲ.

ನನ್ನನ್ನು ಬೈಯಬಹುದು, ಬೈಯಿರಿ. ಆದರೆ ‘ತೀವ್ರ ತೊಂದರೆ’ ಅಂದರೆ ಏನು ಅಂತ ನಾನು ಹೇಗೆ ಬರೆಯಲಿ? ಯಾರಿಗೆ, ಎಲ್ಲಿ, ಯಾವ ಹೊತ್ತಲ್ಲಿ? ಇದು ಓಟು ಅಂತ ಜನ ತಿಳಿದುಕೊಂಡಿದ್ದಾರೆ. ಸಹಿ ಜಾಸ್ತಿ ಆದರೆ ಗೆದ್ದೆವು ಅಂತ. ಇಲ್ಲಿ ಯಾರೂ ಎಣಿಸುವುದಿಲ್ಲ. ನಕ್ಷೆ ಬರೆದವನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಅವನ ಮೇಜಿನ ಮೇಲೆ ಇಡಬೇಕು, ಅವನು ಅದಕ್ಕೆ ಉತ್ತರ ಬರೆಯಲೇಬೇಕಾದ ಹಾಗೆ ಇಡಬೇಕು.

ಅದೇ ಊರಿನ ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಅರ್ಧ ಪುಟ ಬರೆದಿದ್ದರು. 2019ರ ಆಗಸ್ಟ್ ಮಳೆಯಲ್ಲಿ ನೀರು ನಮ್ಮ ಅಂಗಡಿ ಷಟರ್‌ನ ಬೀಗದ ತನಕ ಬಂದಿತ್ತು, ಗೋಡೆಯಲ್ಲಿ ಗೆರೆ ಇನ್ನೂ ಇದೆ. ನಿಮ್ಮ ಹೊಸ ತಡೆಗೋಡೆ ಅದಕ್ಕಿಂತ ಎತ್ತರ, ಸರಿ. ಆದರೆ ಪೇಟೆಯ ಚರಂಡಿ ನೀರು ಆಮೇಲೆ ಹೊಳೆಗೆ ಇಳಿಯುವುದು ಎಲ್ಲಿಂದ? ಇಷ್ಟೇ. ಜೊತೆಗೆ ಟೇಪು ಹಿಡಿದು ತೆಗೆದ ಒಂದು ಫೋಟೊ. ಇದಕ್ಕೆ ‘ಪರಿಶೀಲಿಸಲಾಗಿದೆ’ ಅಂತ ಬರೆಯಲು ಆಗುತ್ತದಾ? ಇಂಜಿನಿಯರು ಮತ್ತೆ ಲೆವೆಲ್, ಅಂದರೆ ನೆಲದ ಏರುತಗ್ಗಿನ ಅಳತೆ, ತೆಗೆಯಬೇಕಾಯಿತು.

ಹೇಮಾವತಿಗೆ ಕಟ್ಟಿರುವ ಗೊರೂರು ಅಣೆಕಟ್ಟೆಯ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಇವತ್ತು ಎಷ್ಟು ತುಂಬಿದೆ ಅಂತ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಬರುತ್ತದೆ. ನಿಮ್ಮ ಬೀದಿಯಲ್ಲಿ ನೀರು ಎಲ್ಲಿಯ ತನಕ ನಿಂತಿತ್ತು ಅನ್ನುವುದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅದು ನಿಮ್ಮ ಗೋಡೆ ಮೇಲಿದೆ. ಶೃಂಗೇರಿಯಲ್ಲಿ ತುಂಗೆ ಏರಿದರೆ ಗಾಂಧಿ ಮೈದಾನಕ್ಕೆ ನೀರು ನುಗ್ಗುತ್ತದೆ ಅಂತ ಅಲ್ಲಿನ ಮಕ್ಕಳಿಗೂ ಗೊತ್ತು. ಹೊರಗಿನಿಂದ ಜನವರಿಯಲ್ಲಿ ಬಂದು ಸರ್ವೆ ಮಾಡಿ ಹೋಗುವವನಿಗೆ ಮಾತ್ರ ಅದು ವಾಹನ ನಿಲ್ಲಿಸಲು ಒಳ್ಳೆ ಬಯಲು.

ಕಾನೂನಿನ ಬಗ್ಗೆ ಸ್ವಲ್ಪ. ನಾನು ವಕೀಲನಲ್ಲ, ದೊಡ್ಡ ವ್ಯಾಜ್ಯ ಇದ್ದರೆ ವಕೀಲರನ್ನೇ ಕೇಳಿ. ಊರಿಗೆ ಮಹಾ ಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಮಾಡುವಾಗ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಅದನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಗಡುವಿನೊಳಗೆ ಬರಹದಲ್ಲಿ ಬಂದದ್ದನ್ನು ಪ್ರಾಧಿಕಾರ ಪರಿಗಣಿಸಬೇಕು. ಬರಹದಲ್ಲಿ ಅನ್ನುವುದನ್ನು ಎರಡು ಸಲ ಓದಿ. ಮೈಕಿನಲ್ಲಿ ಹೇಳಿದ್ದು ನಡಾವಳಿಗೆ ಸೇರಿದರೆ ಸೇರಿತು, ಇಲ್ಲದಿದ್ದರೆ ಇಲ್ಲ. ಆದರೆ ಪುರಸಭೆಯ ಒಂದು ಪಾರ್ಕು, ಒಂದು ನಡೆದಾರಿ, ಒಂದು ಮಾರುಕಟ್ಟೆ ಕಟ್ಟಡಕ್ಕೆ ಇಷ್ಟು ಬಿಗಿಯಾದ ಕ್ರಮ ಯಾವಾಗಲೂ ಇರುವುದಿಲ್ಲ. ಎಷ್ಟೋ ಸಲ ಆ ಸಭೆ ಬರೀ ಸೌಜನ್ಯಕ್ಕೆ. ಹಾಗಿರುವಾಗ ಕಾಗದ ಇನ್ನೂ ಮುಖ್ಯ. ಟಪಾಲಿನಲ್ಲಿ ಕೊಟ್ಟು, ಜೆರಾಕ್ಸ್ ಪ್ರತಿ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನಾಳೆ ಮಾಹಿತಿ ಹಕ್ಕಿನಲ್ಲಿ ಕೇಳಲು ಆ ನಂಬರ್ ಬೇಕಾಗುತ್ತದೆ.

ಕೆಲವು ವಿಷಯಕ್ಕೆ ಎಷ್ಟು ಬರೆದರೂ ಉಪಯೋಗವಿಲ್ಲ. ಬೇಲೂರಿನಲ್ಲಿ ಚೆನ್ನಕೇಶವ ದೇವಸ್ಥಾನದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಕೇಂದ್ರದ ಕಾಯ್ದೆಯೇ ಅಡ್ಡ ಇದೆ. ಪುರಸಭೆ ಮುಂದೆ ಧರಣಿ ಕೂತರೆ ಅದು 90 ಆಗುವುದಿಲ್ಲ.

ಸಂತೆಯವರಿಗೆ ಬೇರೆ ಬಲ ಇದೆ, ಅವರಿಗೇ ಗೊತ್ತಿರುವುದಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ, ವ್ಯಾಪಾರದ ಪ್ರಮಾಣಪತ್ರ ಇರುವ ಯಾರನ್ನೂ 30 ದಿನದ ನೋಟಿಸ್ ಕೊಡದೆ ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ಊರೂರಿಗೆ ಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆ ಅಂದರೂ ಶೇಕಡಾ 40 ಜನ ವ್ಯಾಪಾರಿಗಳೇ ಇರಬೇಕು. 50 ವರ್ಷಕ್ಕಿಂತ ಹಳೆಯ ಸಂತೆಗೆ ಇನ್ನೂ ಹೆಚ್ಚಿನ ರಕ್ಷಣೆ ಇದೆ. ಹಾಗಾಗಿ ಸೊಪ್ಪು ಮಾರುವ ಅಕ್ಕ ‘ನಮ್ಮನ್ನು ಓಡಿಸಬೇಡಿ’ ಅಂತ ಕೈಮುಗಿದರೆ ನನಗೆ ಬೇಜಾರು. ‘ನಮ್ಮ ಅತ್ತೆ ಕಾಲದಿಂದ ಈ ಅರಳಿ ಕಟ್ಟೆ ಎಡಕ್ಕೆ ಕೂರುತ್ತೇವೆ, ಇಗೋ ಹಳೇ ಸುಂಕದ ರಸೀದಿ’ ಅಂತ ಬರೆಸಿ ಕೊಟ್ಟರೆ ಅದರ ತೂಕವೇ ಬೇರೆ. ಆ ರಸೀದಿಯಲ್ಲೇ ಉಪ್ಪು ಕಟ್ಟಿ ಎಸೆದಿರುತ್ತಾರೆ, ಅದು ಬೇರೆ ಮಾತು.

ಇನ್ನು ಜೆಸಿಬಿ ಬಂದ ಮೇಲೆ ಫೋನ್ ಮಾಡುವವರು. ಟೆಂಡರ್ ಆಗಿ, ಕಾರ್ಯಾದೇಶ ಹೋದ ಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಅದೇ ಊರಿನ ಸೋಪಾನದ ಸರ್ವೆಗೆ ನಾನು ಹೋಗಿದ್ದು ಭಾನುವಾರ ಮಧ್ಯಾಹ್ನ. ದಡ ಖಾಲಿ. ಕೆಳಗೆ ಒಂದಷ್ಟು ಚಪ್ಪಟೆ ಬಂಡೆ. ಅಲ್ಲಿ ಹುಲ್ಲುಹಾಸು ಅಂತ ಗುರುತು ಹಾಕಿದೆ. ಸಭೆಯಲ್ಲಿ ಒಬ್ಬ ಮಡಿವಾಳ ಅಜ್ಜ ನಕ್ಷೆ ಹತ್ತಿರ ಬಂದು ತುಂಬಾ ಹೊತ್ತು ನಿಂತಿದ್ದರು. ಆಮೇಲೆ ಮೆಲ್ಲಗೆ, ‘ನಮ್ ಕಲ್ಲೇ ಇಲ್ವಲ್ಲ ಸಾ ಇದ್ರಲ್ಲಿ’ ಅಂದರು. ಮೈಕಿನ ಗಲಾಟೆಯಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ‘ಬರೆದು ಕೊಡಿ ಅಜ್ಜಾ’ ಅಂದುಬಿಟ್ಟೆ. ಅವರಿಗೆ ಬರೆಯಲು ಬರುವುದಿಲ್ಲ ಅಂತ ಹೊಳೆಯಲೇ ಇಲ್ಲ.

ನಾಲ್ಕು ದಿನ ಬಿಟ್ಟು ಒಂದು ನೋಟ್‌ಬುಕ್ ಹಾಳೆ ಬಂತು. ಪಿಯುಸಿ ಓದುವ ಮೊಮ್ಮಗಳ ಅಕ್ಷರ. ಮೂರನೇ ಮೆಟ್ಟಿಲ ಕೆಳಗೆ ಬಟ್ಟೆ ಒಗೆಯುವ ಹದಿನಾರು ಕಲ್ಲು ಇವೆ. ಏಳು ಮನೆಯವರು ಬಳಸುತ್ತೇವೆ. ಬೆಳಗ್ಗೆ ಐದೂವರೆಯಿಂದ ಹತ್ತರ ತನಕ. ಮಳೆಗಾಲದಲ್ಲಿ ಕಲ್ಲು ಮುಳುಗುತ್ತವೆ, ಆಗ ಮೇಲಿನ ಕಟ್ಟೆಗೆ ಹೋಗುತ್ತೇವೆ, ನಕ್ಷೆಯಲ್ಲಿ ಅಲ್ಲಿ ಕಾರಂಜಿ ಇದೆ. ಕೊನೆಗೆ ಪೆನ್ಸಿಲಿನಲ್ಲಿ ಬರೆದ ಚಿತ್ರ, ಪ್ರತಿ ಕಲ್ಲಿಗೂ ಒಂದು ನಂಬರ್. ನಾನು ಮಾರನೇ ದಿನ ಆರು ಗಂಟೆಗೇ ಹೋಗಿ ನೋಡಿದೆ. ಹದಿನಾರೂ ಇದ್ದವು, ಎಲ್ಲದರ ಮುಂದೂ ಒಬ್ಬೊಬ್ಬರು ಮೊಣಕಾಲು ನೀರಲ್ಲಿ ನಿಂತಿದ್ದರು.

ಕಾರಂಜಿ ಹೋಯಿತು. ಕಲ್ಲುಗಳಲ್ಲಿ ಹನ್ನೊಂದು ಉಳಿದವು, ಐದು ತಡೆಗೋಡೆಯ ಪಾಯಕ್ಕೆ ಅಡ್ಡ ಬಂದವು. ಅಜ್ಜನಿಗೆ ಅದು ಸಮಾಧಾನವಿಲ್ಲ, ಸಿಕ್ಕಾಗಲೆಲ್ಲ ಕೇಳುತ್ತಾರೆ. ಈಗ ಹೊಸ ಕಷ್ಟ ಬೇರೆ. ಭಾನುವಾರ ಬರುವ ಪ್ರವಾಸಿಗಳು ಆ ಕಲ್ಲುಗಳ ಮೇಲೆ ಕೂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ಹೋದಾಗ ಅಜ್ಜ ಒದ್ದೆ ಪಂಚೆ ಹಿಡಿದು ನಿಂತು, ‘ಎದ್ದೇಳ್ರಪ್ಪ, ಅದು ಏಳನೇ ನಂಬರ್ ಕಲ್ಲು’ ಅನ್ನುತ್ತಿದ್ದರು.