ಒಂದು ಟ್ರಾನ್ಸ್‌ಪಾಂಡರ್, ಹತ್ತು ಚಾನೆಲ್

ಉದಯ ಟಿವಿ, ಉದಯ ಮೂವೀಸ್, ಉದಯ ಮ್ಯೂಸಿಕ್, ಉದಯ ಕಾಮಿಡಿ, ಚಿಂಟು ಟಿವಿ. ಇವು ಕನ್ನಡದವು. ಇವುಗಳ ಒಡೆತನ ಚೆನ್ನೈನ ಸನ್ ಟಿವಿ ನೆಟ್‌ವರ್ಕ್‌ನದು. ಅದೇ ಕಂಪನಿಗೆ ತಮಿಳಿನಲ್ಲಿ ಸನ್ ಮತ್ತು ಕೆಟಿವಿ, ತೆಲುಗಿನಲ್ಲಿ ಜೆಮಿನಿ, ಮಲಯಾಳದಲ್ಲಿ ಸೂರ್ಯ, ಈಚೆಗೆ ಬಂಗಾಳಿ, ಮರಾಠಿ, ಹಿಂದಿ ಕೂಡ. ಎಲ್ಲ ಸೇರಿಸಿದರೆ ಮೂವತ್ತು ದಾಟುತ್ತದೆ. ಒಂದೇ ಕಂಪನಿ ಇಷ್ಟೊಂದು ಚಾನೆಲ್ ಹೇಗೆ ನಡೆಸುತ್ತೆ ಅಂತ ಯಾರನ್ನಾದರೂ ಕೇಳಿ, "ದುಡ್ಡಿದೆ, ನಡೆಸ್ತಾರೆ" ಅನ್ನೋ ಉತ್ತರವೇ ಸಿಗುತ್ತದೆ.

ದುಡ್ಡು ಬೇಕು, ನಿಜ. ಆದರೆ ದುಡ್ಡು ಸುರಿದರೆ ಆಕಾಶದಲ್ಲಿ ಹೊಸ ಜಾಗ ಹುಟ್ಟುವುದಿಲ್ಲ. ಟಿವಿ ಉಪಗ್ರಹ ನಿಲ್ಲಬೇಕಾದ್ದು ಸಮಭಾಜಕದ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿರುವುದು ಒಂದೇ ಒಂದು ವೃತ್ತ, ಅದನ್ನೇ ಎಲ್ಲ ದೇಶಗಳೂ ಹಂಚಿಕೊಳ್ಳಬೇಕು. ಒಂದು ಉಪಗ್ರಹದಲ್ಲಿ ಟ್ರಾನ್ಸ್‌ಪಾಂಡರ್‌ಗಳು ಎರಡು ಡಜನ್ ಅಥವಾ ಸ್ವಲ್ಪ ಜಾಸ್ತಿ. ಟ್ರಾನ್ಸ್‌ಪಾಂಡರ್ ಅಂದರೆ ನೆಲದಿಂದ ಬಂದ ಸಿಗ್ನಲ್ ಹಿಡಿದು, ತರಂಗಾಂತರ ಬದಲಿಸಿ, ಬಲ ಕೊಟ್ಟು ಕೆಳಗೆ ಕಳಿಸೋ ಸಾಧನ. ಹಾಗಾದರೆ ನೂರಾರು ಚಾನೆಲ್ ಎಲ್ಲಿಂದ ಬಂದವು?

ಸ್ವಲ್ಪ ಲೆಕ್ಕ ಹಾಕೋಣ. ಎಚ್‌ಡಿ ಅಲ್ಲದ ಮಾಮೂಲಿ ಟಿವಿ ಚಿತ್ರದಲ್ಲಿ ಅಡ್ಡಕ್ಕೆ 720 ಚುಕ್ಕಿ, ಉದ್ದಕ್ಕೆ 576 ಚುಕ್ಕಿ. ಸೆಕೆಂಡಿಗೆ ಇಂಥ 25 ಚಿತ್ರ. ಬಣ್ಣವೂ ಸೇರಿ ಚುಕ್ಕಿಯೊಂದಕ್ಕೆ 16 ಬಿಟ್. ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು, ಅಷ್ಟೇ. ಗುಣಿಸಿದರೆ ಸೆಕೆಂಡಿಗೆ ಸುಮಾರು 16.6 ಕೋಟಿ ಬಿಟ್. 36 ಮೆಗಾಹರ್ಟ್ಸ್ ಅಗಲದ ಟ್ರಾನ್ಸ್‌ಪಾಂಡರ್ ಡಿಜಿಟಲ್ ಕಾಲದ ಶುರುವಿನಲ್ಲಿ ಹೊರುತ್ತಿದ್ದದ್ದು ಸೆಕೆಂಡಿಗೆ ಹತ್ತಿರಹತ್ತಿರ 4 ಕೋಟಿ ಬಿಟ್. ಅಂದರೆ ಈ ಲೆಕ್ಕದಲ್ಲಿ ಒಂದು ಚಾನೆಲ್‌ನ ಕಾಲು ಭಾಗ ಮಾತ್ರ ಹಿಡಿಯಬೇಕು. ಆದರೆ ಅದೇ ಟ್ರಾನ್ಸ್‌ಪಾಂಡರ್‌ನಲ್ಲಿ ಎಂಟು ಹತ್ತು ಚಾನೆಲ್ ಆರಾಮಾಗಿ ಬರುತ್ತಿದ್ದವು. ಕಾಲು ಎಲ್ಲಿ, ಹತ್ತು ಎಲ್ಲಿ! ಈ ಅಂತರವನ್ನು ತುಂಬಿದ್ದು ಬಂಡವಾಳ ಅಲ್ಲ, ಗಣಿತ. ಅದರ ಒಂದು ಮುಖ್ಯ ಎಳೆ ನಮ್ಮ ಬೆಂಗಳೂರಿಗೆ ಬಂದು ಸೇರುತ್ತದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡದಲ್ಲಿ ಉಪಗ್ರಹದ ಟಿವಿ ಉದಯದಿಂದ ಶುರುವಾಗಿದ್ದಲ್ಲ. ಉದಯ ಬಂದಿದ್ದು 1994ರಲ್ಲಿ. ಅದಕ್ಕಿಂತ ಹತ್ತೊಂಬತ್ತು ವರ್ಷ ಮೊದಲೇ, 1975ರ ಆಗಸ್ಟ್‌ನಲ್ಲಿ, ಸೈಟ್ ಎಂಬ ಪ್ರಯೋಗ ಶುರುವಾಗಿತ್ತು. ನಾಸಾದವರು ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಾಲೆ ಪಾಠದ ಕಾರ್ಯಕ್ರಮಗಳು ನೇರವಾಗಿ ಆಕಾಶದಿಂದ ಇಳಿದವು. ಕಲಬುರ್ಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಹಾಕೋ ಜಾಲರಿಯಿಂದ ಮಾಡಿದ, ಮೂರು ಮೀಟರ್ ಅಗಲದ ಆಂಟೆನಾ, ಅದರ ಹತ್ತಿರ ಊರಿಗೆಲ್ಲ ಒಂದೇ ಟಿವಿ. ಬೆಂಗಳೂರಿನಲ್ಲಿ ಆಗಿನ್ನೂ ದೂರದರ್ಶನ ಕೇಂದ್ರವೇ ಇರಲಿಲ್ಲ. ರಾಜಧಾನಿಗಿಂತ ಮೊದಲು ಬಯಲುಸೀಮೆಯ ಹಳ್ಳಿಗೆ ಉಪಗ್ರಹದ ಕನ್ನಡ ತಲುಪಿತ್ತು. ಇದನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ದೊಡ್ಡದಾಗಿ ಬರೆಯಬೇಕು ಅನ್ನೋದು ನನ್ನ ಆಸೆ.

ಆಗ ಒಂದು ಚಿತ್ರಕ್ಕೆ ಇಡೀ ದಾರಿ ಬೇಕಿತ್ತು. ಒಂದು ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸುವ ಏರ್ಪಾಡು ಮಾಡಿಕೊಂಡಿದ್ದರು, ಅದಕ್ಕಿಂತ ಜಾಸ್ತಿ ತುರುಕೋದು ಕಷ್ಟವಿತ್ತು. ಚಿತ್ರವನ್ನು ಸಂಖ್ಯೆಗಳಾಗಿ ಬದಲಿಸದೆ ಅಲೆಯಾಗಿಯೇ ಕಳಿಸುತ್ತಿದ್ದ ಅನಲಾಗ್ ಕಾಲ ಮುಗಿಯುವವರೆಗೂ ಹೆಚ್ಚುಕಡಿಮೆ ಇದೇ ಕಥೆ, ಒಂದು ಟ್ರಾನ್ಸ್‌ಪಾಂಡರ್‌ಗೆ ಒಂದು ಚಾನೆಲ್. ಉದಯದಂಥ ಚಾನೆಲ್‌ಗಳು ಹುಟ್ಟಿದ ಹೊತ್ತಿನಲ್ಲಿ ಖಾಸಗಿಯವರು ಭಾರತದ ನೆಲದಿಂದ ಸಿಗ್ನಲ್ ಮೇಲಕ್ಕೆ ಕಳಿಸೋ ಹಾಗೂ ಇರಲಿಲ್ಲ. ಟೇಪುಗಳು ವಿಮಾನ ಹತ್ತಿ ಹೊರದೇಶಕ್ಕೆ ಹೋಗಿ, ಅಲ್ಲಿಂದ ಉಪಗ್ರಹಕ್ಕೆ ಏರಿ, ಮತ್ತೆ ನಮ್ಮ ಮನೆಗೆ ಇಳಿಯುತ್ತಿದ್ದವು.

ಈಗ ಬೆಂಗಳೂರಿನ ಎಳೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಓದಿದ್ದು ಇಲ್ಲಿನ ಯುವಿಸಿಇಯಲ್ಲಿ, ಕೆ.ಆರ್. ಸರ್ಕಲ್‌ನಲ್ಲಿ ಇವತ್ತಿಗೂ ಇರುವ ಅದೇ ಕಾಲೇಜು. 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಅವರಿಗೊಂದು ಯೋಚನೆ ಬಂತು. ಅದರ ಮೇಲೆ ಕೆಲಸ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಈ ಯೋಚನೆ ತೀರಾ ಸರಳವಾಯ್ತು ಅಂತ ಒಬ್ಬ ಪರಿಶೀಲಕರು ಬರೆದಿದ್ದರು ಅಂತ ಅಹ್ಮದ್ ಮುಂದೆ ನೆನೆಸಿಕೊಂಡಿದ್ದಾರೆ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅದರಲ್ಲಿದ್ದದ್ದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ನಿಮ್ಮ ಮೊಬೈಲಿನ ಜೆಪೆಗ್ ಫೋಟೋ, ಡಿವಿಡಿ, ಡಿಟಿಎಚ್, ಎಲ್ಲ ಕಡೆ ಅದೇ ಕೂತಿದೆ.

ಅದು ಮಾಡೋದು ಏನು? ಚಿತ್ರವನ್ನು 8 ಅಡ್ಡ, 8 ಉದ್ದದ ಚೌಕಗಳಾಗಿ ಕತ್ತರಿಸಿಕೊಳ್ಳಿ. ಒಂದು ಚೌಕದಲ್ಲಿ 64 ಚುಕ್ಕಿ. ಸಾಮಾನ್ಯವಾಗಿ ನಾವು 64 ಚುಕ್ಕಿಗಳ ಬೆಳಕನ್ನೂ ಒಂದೊಂದಾಗಿ ಬರೆದಿಡುತ್ತೇವೆ. ಡಿಸಿಟಿ ಬೇರೆ 64 ಸಂಖ್ಯೆ ಬರೆಯುತ್ತದೆ. ಮೊದಲನೆಯದು, ಈ ಚೌಕದ ಒಟ್ಟಾರೆ ಬೆಳಕು ಎಷ್ಟು. ಎರಡನೆಯದು, ಎಡದಿಂದ ಬಲಕ್ಕೆ ನಿಧಾನವಾಗಿ ಎಷ್ಟು ಬದಲಾಗುತ್ತದೆ. ಆಮೇಲಿನದು ಇನ್ನೂ ಸ್ವಲ್ಪ ಬೇಗ ಬದಲಾಗುವ ಏರಿಳಿತ, ಅದರಾಚೆ ಇನ್ನೂ ಬೇಗ. ಹೀಗೆ 64 ಬಗೆಯ ಅಲೆಗಳು, ಪ್ರತಿಯೊಂದೂ ಎಷ್ಟೆಷ್ಟು ಬೇಕು ಅನ್ನೋ ಪಟ್ಟಿ.

ಧಾರಾವಾಹಿಯ ಹಾಲ್‌ನಲ್ಲಿ ನಾಯಕಿ ನಿಂತಿದ್ದಾಳೆ, ಹಿಂದೆ ತಿಳಿ ಹಳದಿ ಗೋಡೆ. ಗೋಡೆಯ ಮೇಲಿನ ಒಂದು ಚೌಕ ತೆಗೆದುಕೊಳ್ಳಿ. ಮೊದಲ ಸಂಖ್ಯೆ ದೊಡ್ಡದು. ದೀಪ ಒಂದು ಪಕ್ಕದಿಂದ ಬೀಳುತ್ತಿದ್ದರೆ ಎರಡನೆಯದೂ ಸ್ವಲ್ಪ ಇರುತ್ತದೆ. ಉಳಿದದ್ದೆಲ್ಲ ಸೊನ್ನೆಗೆ ಹತ್ತಿರ. "ಇನ್ನು ಮುಂದೆ ಎಲ್ಲ ಸೊನ್ನೆ" ಅಂತ ಒಂದೇ ಗುರುತು ಹಾಕಿದರೆ ಆಯ್ತು, ಚೌಕ ಮುಗಿಯಿತು. ಈಗ ಅವಳ ಜಡೆಯಲ್ಲಿರುವ ಮಲ್ಲಿಗೆ ದಂಡೆಗೆ ಬನ್ನಿ. ಕಪ್ಪು ಕೂದಲು, ಬಿಳಿ ಮೊಗ್ಗು, ಮತ್ತೆ ಕಪ್ಪು. ಆ ಚೌಕಕ್ಕೆ ಬೇಗ ಬದಲಾಗೋ ಅಲೆಗಳೂ ಬೇಕು, ಸಂಖ್ಯೆಗಳು ಸುಲಭಕ್ಕೆ ಸೊನ್ನೆಯಾಗಲ್ಲ. ಆದರೆ ಬಹಳ ಸಣ್ಣ ಏರಿಳಿತಗಳಲ್ಲಿ ಚೂರು ತಪ್ಪಾದರೆ ನಮ್ಮ ಕಣ್ಣು ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಅವನ್ನು ಒರಟಾಗಿ ಬರೆದರೂ ನಡೆಯುತ್ತದೆ. ಉಳಿತಾಯ ಆಗೋದು ಇಲ್ಲೇ.

ಅಲೆಗಳಾಗಿ ಬಿಡಿಸೋದು ಇನ್ನೂರು ವರ್ಷದ ಹಿಂದಿನ ಫ್ರೆಂಚ್ ಗಣಿತಜ್ಞ ಫೂರಿಯೆ ಕಾಲದಿಂದಲೂ ಗೊತ್ತಿತ್ತಲ್ಲ, ಇದರಲ್ಲಿ ಹೊಸದೇನು ಅಂತ ಕೇಳಬಹುದು. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ತಾಳ್ಮೆಯಿಂದ ಓದಿ. ಮಾಮೂಲಿ ಫೂರಿಯೆ ವಿಧಾನ ಈ ಎಂಟು ಚುಕ್ಕಿಯ ಸಾಲು ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಅಂತ ಅಂದುಕೊಳ್ಳುತ್ತದೆ. ಸಾಲಿನ ಎಡತುದಿ ಕತ್ತಲು, ಬಲತುದಿ ಬೆಳಕು ಇದ್ದರೆ, ಬೆಳಕಿನಿಂದ ಸೀದಾ ಕತ್ತಲಿಗೆ ಒಂದು ಜಿಗಿತ ಬಿತ್ತು. ಚಿತ್ರದಲ್ಲಿ ಇಲ್ಲದ ಜಿಗಿತ ಅದು, ಆದರೂ ಅದನ್ನು ಕಟ್ಟಿಕೊಡೋಕೆ ಹಲವು ಅಲೆಗಳು ದಂಡ. ಡಿಸಿಟಿ ಸಾಲಿನ ಕೊನೆಯಲ್ಲಿ ಅದೇ ಸಾಲನ್ನು ತಿರುಗಿಸಿ ಜೋಡಿಸಿದ ಹಾಗೆ ಲೆಕ್ಕ ಹಾಕುತ್ತದೆ. ಬೆಳಕಿನ ಪಕ್ಕಕ್ಕೆ ಬೆಳಕು, ಕತ್ತಲ ಪಕ್ಕಕ್ಕೆ ಕತ್ತಲು. ಜಿಗಿತ ಇಲ್ಲ. ಇಲ್ಲದ ಜಿಗಿತಕ್ಕೆ ಖರ್ಚೂ ಇಲ್ಲ. ಸರಳ ಅಲ್ವಾ? ಸರಳವೇ. ಆ ಸರಳತೆಯನ್ನೇ ದೋಷ ಅಂದುಕೊಂಡವರಿದ್ದರು ಅನ್ನೋದು ನನಗೆ ಈಗಲೂ ಬೇಸರದ ವಿಷಯ.

ಇದರ ಮೇಲೆ ಇನ್ನೊಂದು ಉಳಿತಾಯ. ಸೆಕೆಂಡಿನ ಇಪ್ಪತ್ತೈದು ಚಿತ್ರಗಳನ್ನೂ ಪೂರ್ತಿಯಾಗಿ ಕಳಿಸೋದಿಲ್ಲ. ಅರ್ಧ ಅಥವಾ ಒಂದು ಸೆಕೆಂಡಿಗೊಮ್ಮೆ ಒಂದು ಪೂರ್ತಿ ಚಿತ್ರ, ಮಧ್ಯದಲ್ಲಿ ಬರೀ ವ್ಯತ್ಯಾಸ. ಗೋಡೆ ಅಲ್ಲೇ ಇದೆ, ಸೋಫಾ ಅಲ್ಲೇ ಇದೆ, ಕೈ ಮಾತ್ರ ಈ ಕಡೆಗೆ ಸರಿಯಿತು, ಅಷ್ಟು ಹೇಳಿದರೆ ಸಾಕು. ಚಾನೆಲ್ ಬದಲಿಸಿದಾಗ ಒಂದೆರಡು ಸೆಕೆಂಡ್ ಪರದೆ ಕಪ್ಪಾಗಿ ನಿಲ್ಲುತ್ತಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ಇದೇ. ಬಾಕ್ಸ್ ಮುಂದಿನ ಪೂರ್ತಿ ಚಿತ್ರಕ್ಕಾಗಿ ಕಾಯುತ್ತಿರುತ್ತದೆ. ಬಾಕ್ಸ್ ಹಾಳಾಗಿದೆ ಅಂತ ಅದರ ತಲೆಗೆ ತಟ್ಟುವವರನ್ನು ಬಹಳ ನೋಡಿದ್ದೇನೆ, ದಯವಿಟ್ಟು ತಟ್ಟಬೇಡಿ.

ಇನ್ನು ಕಂಪನಿಯ ವಿಷಯ. ಗೋಡೆಯ ಮುಂದಿನ ಮಾತಿಗೆ ಕಡಿಮೆ ಬಿಟ್ ಸಾಕು. ಸಿನಿಮಾ ಹಾಡಿನಲ್ಲಿ ಹೂವಿನ ಎಸಳು ಸುರಿದರೆ, ಹಿಂದೆ ಜಲಪಾತ ಇದ್ದರೆ, ಪ್ರತಿ ಚೌಕವೂ ಪ್ರತಿ ಕ್ಷಣವೂ ಬದಲಾಗುತ್ತದೆ, ಬಿಟ್ ಎಷ್ಟಿದ್ದರೂ ಸಾಲದು. ಒಂದೇ ಚಾನೆಲ್ ಇಟ್ಟುಕೊಂಡವರು ಸಾಮಾನ್ಯವಾಗಿ ಇಂತಿಷ್ಟು ಬಿಟ್ ಅಂತ ಬಾಡಿಗೆಗೆ ಪಡೆಯುತ್ತಾರೆ. ಗೋಡೆ ಬಂದಾಗ ಅದರಲ್ಲಿ ಒಂದಷ್ಟು ದಂಡ, ಹೂಮಳೆ ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಎಂಟು ಚಾನೆಲ್ ಇರುವವರು ಇಡೀ ಟ್ರಾನ್ಸ್‌ಪಾಂಡರ್ ಹಿಡಿದು, ಎಂಟಕ್ಕೂ ಒಂದೇ ರಾಶಿಯಿಂದ ಬಿಟ್ ಹಂಚುತ್ತಾರೆ. ಮಂಡ್ಯ ಕಡೆ ನಾಲೆಯ ಒಂದು ತೂಬಿನ ಕೆಳಗೆ ಎಂಟು ಗದ್ದೆ ಇವೆ ಅಂದುಕೊಳ್ಳಿ. ಒಡೆಯರು ಎಂಟು ಜನ ಇದ್ದರೆ ಸರದಿ ಬೇಕು, ಗಂಟೆ ಲೆಕ್ಕ ಬೇಕು, ರಾಗಿಯವನೂ ತನ್ನ ಪಾಲು ಬಿಡುವುದಿಲ್ಲ. ಎಂಟೂ ಒಂದೇ ಮನೆಯವಾದರೆ ಈ ಹೊತ್ತು ಭತ್ತಕ್ಕೆ ತಿರುಗಿಸು, ರಾಗಿಗೆ ಆಮೇಲೆ ನೋಡೋಣ ಅನ್ನಬಹುದು. ಉಪಗ್ರಹ ಕೇಂದ್ರದಲ್ಲಿ ಈ ನೀರು ತಿರುಗಿಸೋ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಅದರ ಹೆಸರು ಸ್ಟ್ಯಾಟಿಸ್ಟಿಕಲ್ ಮಲ್ಟಿಪ್ಲೆಕ್ಸರ್. ಸೆಕೆಂಡಿಗೆ ಹಲವು ಸಲ ಎಲ್ಲ ಚಾನೆಲ್‌ಗಳ ಚಿತ್ರ ನೋಡಿ, ಯಾರದ್ದು ಈಗ ಕಷ್ಟದ ಚಿತ್ರ ಅಂತ ಅಳೆದು, ಅವರಿಗೆ ಜಾಸ್ತಿ ಕೊಡುತ್ತದೆ. ಎಂಟೂ ಚಾನೆಲ್‌ನಲ್ಲಿ ಒಂದೇ ಕ್ಷಣಕ್ಕೆ ಹೂಮಳೆ ಬೀಳೋದು ಅಪರೂಪ. ಚಾನೆಲ್ ಹೆಚ್ಚಿದಷ್ಟೂ ಅದು ಇನ್ನೂ ಅಪರೂಪ. ಹಾಗಾಗಿ ಗುಂಪು ದೊಡ್ಡದಾದಷ್ಟೂ ತಲಾ ಬೇಕಾಗುವ ಬಿಟ್ ಕಡಿಮೆ.

ದೊಡ್ಡ ಕಂಪನಿಗಳು ಹಳೇ ಸಿನಿಮಾ, ಹಾಡು, ಹಾಸ್ಯದ ತುಣುಕುಗಳಿಗೆಲ್ಲ ಬೇರೆ ಬೇರೆ ಚಾನೆಲ್ ತೆರೆದದ್ದರ ಹಿಂದೆ ಜಾಹೀರಾತಿನ ಲೆಕ್ಕದ ಜೊತೆಗೆ ಈ ಲೆಕ್ಕವೂ ಇದೆ ಅನ್ನೋದು ನನ್ನ ಅಭಿಪ್ರಾಯ. ಏಳು ಚಾನೆಲ್ ಈಗಾಗಲೇ ಹೋಗುತ್ತಿರುವ ಕಡೆ ಎಂಟನೆಯದನ್ನು ಸೇರಿಸೋದು ಅಗ್ಗ. ಅದಕ್ಕೇ ಗುಂಪುಗಳು ಬೆಳೆಯುತ್ತಲೇ ಹೋಗುತ್ತವೆ, ಒಂಟಿ ಚಾನೆಲ್‌ಗಳು ಏದುಸಿರು ಬಿಡುತ್ತವೆ. 2024ರ ನವೆಂಬರ್‌ನಲ್ಲಿ ವಯಾಕಾಮ್18 ಮತ್ತು ಸ್ಟಾರ್ ಸೇರಿ ಜಿಯೋಸ್ಟಾರ್ ಆದಾಗ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಸೂರಿನಡಿ ಬಂದವು. ಎಲ್ಲರೂ ಷೇರು, ಕ್ರಿಕೆಟ್ ಹಕ್ಕುಗಳ ಬಗ್ಗೆ ಮಾತಾಡಿದರು, ಬಿಟ್‌ಗಳ ಬಗ್ಗೆ ಮಾತಾಡಿದವರು ಕಾಣಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಕ್ರಿಕೆಟ್ ನಡೆಯುವಾಗ ಪಕ್ಕದ ಮನೆಯವರು ನಮಗಿಂತ ಮೊದಲೇ ಸಿಕ್ಸರ್‌ಗೆ ಕೂಗುತ್ತಾರೆ. ಉಪಗ್ರಹ ದೂರ, ಅದಕ್ಕೇ ತಡ ಅಂತ ಹೇಳುತ್ತಾರೆ. ಬೆಳಕಿನ ವೇಗದಲ್ಲಿ ಮೇಲೆ ಹೋಗಿ ಕೆಳಗೆ ಬರಲು ಬೇಕಾಗೋದು ಸೆಕೆಂಡಿನ ಕಾಲು ಭಾಗ ಮಾತ್ರ. ಉಳಿದ ತಡವೆಲ್ಲ ಹಿಂದೆ ಮುಂದೆ ನೋಡಿ ಚಿತ್ರ ಕುಗ್ಗಿಸೋ ಈ ಕೆಲಸದ್ದು, ಹಂಚುವ ಜಾಲದ್ದು. ಮೊಬೈಲಿನಲ್ಲಿ ನೋಡುವವರಿಗೆ ತುಣುಕು ತುಣುಕಾಗಿ ಬರುವುದರಿಂದ ಇನ್ನೂ ತಡ.

ಇಷ್ಟೆಲ್ಲ ಜಾಣತನದಿಂದ ಕಟ್ಟಿದ ದಾರಿಯಲ್ಲಿ ನಾವು ಏನು ಕಳಿಸುತ್ತಿದ್ದೇವೆ ಅಂತ ನೋಡಿದಾಗ ನನಗೆ ಸಂಕಟವಾಗುತ್ತದೆ. ಗ್ರಹಣದ ದಿನ ಬೆಳಿಗ್ಗೆಯಿಂದಲೇ ಊಟ ಮಾಡಬೇಡಿ, ಬಸುರಿಯರು ಹೊರಗೆ ಬರಬೇಡಿ, ಈ ರಾಶಿಗೆ ಕಂಟಕ ಅಂತ ಗಂಟೆಗಟ್ಟಲೆ ಮಾತು. ಆ ಮಾತನ್ನು ಹೊತ್ತು ತರುವ ಉಪಗ್ರಹಕ್ಕೇ ವರ್ಷದಲ್ಲಿ ಸುಮಾರು ತೊಂಬತ್ತು ಸಲ ಗ್ರಹಣ ಹಿಡಿಯುತ್ತದೆ. ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವದ ಆಚೀಚೆ ತಲಾ ಸುಮಾರು 45 ದಿನ, ಪ್ರತಿ ರಾತ್ರಿ ಅದು ಭೂಮಿಯ ನೆರಳಿನೊಳಗೆ ಹೋಗುತ್ತದೆ, ಒಮ್ಮೊಮ್ಮೆ 70 ನಿಮಿಷದಷ್ಟು ಹೊತ್ತು. ಸೌರಫಲಕಕ್ಕೆ ಬಿಸಿಲಿಲ್ಲ. ಬ್ಯಾಟರಿಯ ಮೇಲೆ ನಡೆದು ಆಚೆ ಬರುತ್ತದೆ, ನಿಮ್ಮ ಧಾರಾವಾಹಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಅದೇ ತಿಂಗಳುಗಳಲ್ಲಿ, ನಮ್ಮ ಬೆಂಗಳೂರಿನ ಮಟ್ಟಿಗೆ ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ಹಗಲು ಹೊತ್ತು ಕೆಲವು ನಿಮಿಷ ಸಿಗ್ನಲ್ ಕೆಡುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲೇ ಲೆಕ್ಕ ಹಾಕಿ ಇಟ್ಟಿರುತ್ತಾರೆ, ಯಾರಿಗೂ ಶಾಂತಿ ಮಾಡಿಸಬೇಕು ಅನಿಸೋದಿಲ್ಲ.

ಜಿಸ್ಯಾಟ್-15ರಂಥ ಡಿಟಿಎಚ್ ಉಪಗ್ರಹಗಳನ್ನು ಹಗಲು ರಾತ್ರಿ ನೋಡಿಕೊಳ್ಳುವ ಇಸ್ರೋದ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ನೆರಳಿನ ಕಾಲದಲ್ಲಿ ಬ್ಯಾಟರಿ ಹೇಗೆ ನಿಭಾಯಿಸಬೇಕು ಅನ್ನೋದು ಅಲ್ಲಿನ ಎಂಜಿನಿಯರ್‌ಗಳಿಗೆ ಪ್ರತಿ ವರ್ಷದ ಕೆಲಸ. ಕನ್ನಡದಲ್ಲಿ ಇಷ್ಟೊಂದು ಚಾನೆಲ್ ಇಟ್ಟುಕೊಂಡ ಕಂಪನಿಗಳು ಮುಂದಿನ ಗ್ರಹಣದ ದಿನ ಜ್ಯೋತಿಷಿಗೆ ಕೊಡೋ ಗಂಟೆಯಲ್ಲಿ ಅರ್ಧ ಗಂಟೆಯನ್ನು ಅವರಿಗೆ ಕೊಡಲಿ. ಆ ಎಂಜಿನಿಯರ್‌ಗಳು ಕನ್ನಡದಲ್ಲೇ ಹೇಳುತ್ತಾರೆ, ಜನ ಖಂಡಿತ ಕೂತು ನೋಡುತ್ತಾರೆ.