ನಾಯಿ ಹುಲ್ಲು ತಿನ್ನೋದು ಹೊಟ್ಟೆ ಕೆಟ್ಟಿರೋದಕ್ಕಾ?

"ಡಾಕ್ಟ್ರೇ, ನಮ್ಮ ನಾಯಿ ವಾಕಿಂಗ್ ಕರ್ಕೊಂಡು ಹೋದಾಗೆಲ್ಲಾ ಹುಲ್ಲು ತಿನ್ನತ್ತೆ, ಹೊಟ್ಟೆ ಸರಿ ಇಲ್ವಾ, ತಿನ್ನೋಕೆ ಬಿಡಬಹುದಾ?" ವಾರಕ್ಕೆ ಮೂರ್ನಾಲ್ಕು ಜನ ಆದ್ರೂ ಇದನ್ನ ಕೇಳ್ತಾರೆ. ಪ್ರತಿ ಸಲ ಹೇಳಿದ್ದನ್ನೇ ಹೇಳೋದಕ್ಕಿಂತ ಒಂದ್ಸಲ ಪೂರ್ತಿಯಾಗಿ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದವ್ರಿಗೆ ಇದನ್ನೇ ಕಳಿಸ್ತೀನಿ.

ಮೊದಲು ಉತ್ತರ: ಬಿಡಬಹುದು. ಹುಲ್ಲಿಗೆ ಯಾರೂ ಔಷಧಿ ಹೊಡೆದಿರಬಾರದು, ನಾಯಿ ಗೆಲುವಾಗಿರಬೇಕು, ಅಷ್ಟೇ.

ಆದ್ರೆ ಉತ್ತರ ಕೇಳಿದ ಮೇಲೂ ಜನ "ಇಲ್ಲ ಡಾಕ್ಟ್ರೇ, ಅದು ವಾಂತಿ ಮಾಡ್ಕೊಳ್ಳೋಕೇ ತಿನ್ನೋದು, ಹೊಟ್ಟೆ ಕ್ಲೀನ್ ಮಾಡ್ಕೊಳ್ಳತ್ತೆ, ನಮ್ಮಜ್ಜಿ ಹೇಳ್ತಿದ್ರು" ಅಂತಾರೆ. ಇದೊಂದು ನಂಬಿಕೆ ಕಿತ್ತಷ್ಟೂ ಮತ್ತೆ ಚಿಗುರತ್ತೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು ಸೊಪ್ಪು ಹುಲ್ಲು ತಿನ್ನೋ ಸುಮಾರು 1,500 ನಾಯಿಗಳ ಮಾಲೀಕರನ್ನ ಕೇಳಿ 2008ರಲ್ಲಿ ಲೆಕ್ಕ ಕೊಟ್ರು. ತಿನ್ನೋಕೆ ಮುಂಚೆ ನಾಯಿ ಹುಷಾರಿಲ್ಲದ ಹಾಗೆ ಕಾಣ್ತಿತ್ತು ಅಂದವ್ರು ನೂರಕ್ಕೆ ಹತ್ತು ಜನಾನೂ ಇಲ್ಲ. ತಿಂದ ಮೇಲೆ ಮಾಮೂಲಾಗಿ ವಾಂತಿ ಮಾಡತ್ತೆ ಅಂದವ್ರು ನೂರಕ್ಕೆ 22. ಮಿಕ್ಕ ಮುಕ್ಕಾಲು ಪಾಲು ನಾಯಿಗಳು ತಿಂದು, ಅರಗದೆ ಇರೋದನ್ನ ಹಿಂದಿನಿಂದ ಹಾಕಿ, ಆರಾಮಾಗಿವೆ. ಆಸ್ಟ್ರೇಲಿಯಾದಲ್ಲಿ ಹನ್ನೆರಡು ನಾಯಿಗಳನ್ನ ಕಾದು ನೋಡಿದವ್ರಿಗೆ ಕಂಡಿದ್ದು, ಊಟ ಆದ್ಮೇಲೆ ಹುಲ್ಲು ತಿನ್ನೋದು ಕಮ್ಮಿ, ಹಸಿದಿದ್ದಾಗ ಜಾಸ್ತಿ. ವಾಂತಿಗೆ ಅಂತಾನೇ ತಿನ್ನೋದಾದ್ರೆ ಹೊಟ್ಟೆ ತುಂಬಿದಾಗ ಅಲ್ವಾ ತಿನ್ನಬೇಕಾಗಿದ್ದು?

ಹುಷಾರಿಲ್ಲದ ನಾಯಿ ಹುಲ್ಲು ತಿಂದ್ರೆ ವಾಂತಿ ಆಗೋ ಸಾಧ್ಯತೆ ಜಾಸ್ತಿ, ಅದು ನಿಜ. ಅಜ್ಜಿ ನೋಡಿದ್ದು ಅದನ್ನೇ. ದಿನಾ ತಿಂದು ಸುಮ್ಮನಿರೋ ನಾಯೀನ ಯಾರೂ ಗಮನಿಸಲ್ಲ, ವಾಂತಿ ಮಾಡಿದ್ದು ಮಾತ್ರ ನೆನಪಲ್ಲಿ ಉಳಿಯತ್ತೆ.

ನಾನು ಇದಕ್ಕೆ ಇಷ್ಟು ತಲೆ ಕೆಡಿಸ್ಕೊಳ್ಳೋಕೆ ಕಾರಣ ಇದೆ. ಒಂದು ಮೂರು ತಿಂಗಳ ಮರಿ, ವಾಂತಿ ಮಾಡ್ತಿದೆ, ಅಂಗಳದಲ್ಲಿ ಹೋಗಿ ಹುಲ್ಲು ಮೆಲ್ತಿದೆ, ಮನೆಯವ್ರು "ತಾನೇ ಔಷಧಿ ಮಾಡ್ಕೊಳ್ತಿದೆ ಬಿಡು" ಅಂತ ಮೂರು ದಿನ ಕಾದ್ರು. ನಾಲ್ಕನೇ ದಿನ ಟವಲ್‌ನಲ್ಲಿ ಸುತ್ಕೊಂಡು ತಂದಾಗ ಒಸಡು ಬಿಳಚಿಕೊಂಡಿತ್ತು, ಭೇದಿಯಲ್ಲಿ ರಕ್ತ, ಪಾರ್ವೋ ಅನ್ನೋ ವೈರಸ್ ಕಾಯಿಲೆ. ಡ್ರಿಪ್ ಹಾಕಿದ್ವಿ, ಉಳೀಲಿಲ್ಲ. ಮೊದಲನೇ ದಿನಾನೇ ತಂದಿದ್ರೆ ಪ್ರಯತ್ನಕ್ಕಾದ್ರೂ ಟೈಮ್ ಇರ್ತಿತ್ತು. ವಾಂತಿ ಮಾಡ್ತಿರೋ ಮರಿಗೆ ಹುಲ್ಲು ಔಷಧಿ ಅಲ್ಲ, ದಯವಿಟ್ಟು ಕಾಯಬೇಡಿ.

ಮತ್ಯಾಕೆ ತಿನ್ನತ್ತೆ ಅಂದ್ರೆ, ಅದರ ವಂಶದ ಅಭ್ಯಾಸ. ತೋಳದ ಲದ್ದೀಲೂ ಹುಲ್ಲು ಸಿಗತ್ತೆ, "ಹುಲಿ ಹಸಿದ್ರೆ ಹುಲ್ಲು ತಿನ್ನತ್ತಾ" ಅಂತ ನಮ್ಮಲ್ಲಿ ಗಾದೇನೇ ಇದೆ, ಆದ್ರೆ ಕಾಡಲ್ಲಿ ಹುಲಿ ಲದ್ದೀಲೂ ಸಿಗತ್ತೆ. ಕರುಳಲ್ಲಿರೋ ಜಂತುಹುಳಾನ ನಾರು ಸುತ್ಕೊಂಡು ಹೊರಗೆ ತಳ್ಳೋಕೆ ಅಂತ ಒಂದು ವಾದ ಇದೆ, ನನಗೂ ಅದೇ ಸರಿ ಅನ್ಸತ್ತೆ. ಇನ್ನು ಕೆಲವಕ್ಕೆ ಬರೀ ರುಚಿ. ನಿಮ್ಮ ನಾಯೀನ ಒಂದ್ಸಲ ಹತ್ತಿರದಿಂದ ನೋಡಿ, ಪಾರ್ಥೇನಿಯಂ ಕಡೆ ತಿರುಗೂ ನೋಡದೆ ಮೂಗಲ್ಲಿ ಹುಡುಕಿ ಎಳೇ ಗರಿಕೇನೇ ಆರಿಸತ್ತೆ, ತಲೆ ವಾರೆ ಮಾಡಿ ದವಡೆ ಹಲ್ಲಿಗೆ ಸಿಗಿಸ್ಕೊಂಡು ಕಟಕಟ ಕಡಿಯತ್ತೆ.

ಭಯ ಪಡಬೇಕಾಗಿರೋದು ಹುಲ್ಲಿನ ಮೇಲಿರೋದಕ್ಕೆ. ತೋಟದಲ್ಲಿ ಕಳೆಗೆ ಹೊಡೆದ ಔಷಧಿ, ಪಾರ್ಕಲ್ಲಿ ಚೆಲ್ಲಿದ ಗೊಬ್ಬರ, ಬೇರೆ ನಾಯಿಗಳ ಹೇಲಿಂದ ಬಂದ ಜಂತುಹುಳದ ಮೊಟ್ಟೆ, ಉಣುಗು. ಬೇಸಿಗೇಲಿ ಊಬು ಬಿಟ್ಟ ಒಣಹುಲ್ಲು ಗಂಟಲಿಗೆ, ಮೂಗಿಗೆ ಚುಚ್ಕೊಳ್ಳತ್ತೆ. ಕಣಗಿಲೆ, ದತ್ತೂರಿ, ಸೈಕಸ್ (ತಾಳೆ ಥರ ಕಾಣೋ ಅಲಂಕಾರದ ಗಿಡ) ಇರೋ ಕಡೆ ಬಾಯಿ ಹಾಕೋಕೇ ಬಿಡಬೇಡಿ. ಜಂತುಹುಳದ ಔಷಧಿ ಮೂರು ತಿಂಗಳಿಗೊಮ್ಮೆ ತಪ್ಪಿಸಬೇಡಿ. ದಿಢೀರಂತ ಹುಚ್ಚು ಹಿಡಿದ ಹಾಗೆ ಹುಲ್ಲು ನುಂಗ್ತಿದ್ರೆ, ಊಟ ಬಿಟ್ರೆ, ಮಂಕಾದ್ರೆ ತೋರಿಸಿ. ದೊಡ್ಡ ಜಾತಿ ನಾಯಿ ಹೊಟ್ಟೆ ಉಬ್ಬಿ, ವಾಂತಿಗೆ ಒತ್ತರಿಸಿದ್ರೂ ಏನೂ ಬರ್ತಿಲ್ಲ ಅಂದ್ರೆ ಅದು ಅರ್ಧರಾತ್ರಿ ಆದ್ರೂ ಓಡಬೇಕಾದ ಕೇಸು.

ಇನ್ನೊಂದು, ಇದನ್ನ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಬೆಳಿಗ್ಗೆ ಎದ್ದ ತಕ್ಷಣ ಹುಲ್ಲು ತಿಂದು ಹಳದಿ ನೊರೆ ಕಕ್ಕತ್ತೆ ಅಂತ ಕೆಲವ್ರು ಹೇಳ್ತಾರಲ್ಲ, ಆ ಹಳದಿ ಪಿತ್ತ. ಸಾಯಂಕಾಲ ಆರಕ್ಕೆ ಅನ್ನ ಹಾಕಿ ಮಾರನೇ ದಿನ ಒಂಬತ್ತರವರೆಗೆ ಏನೂ ಕೊಡದೆ ಇದ್ರೆ ಹೊಟ್ಟೆ ಖಾಲಿ ಬಿದ್ದು ಪಿತ್ತ ಮೇಲಕ್ಕೆ ಬರತ್ತೆ, ಹುಲ್ಲು ಸಿಗದಿದ್ರೂ ಆ ನಾಯಿ ಕಕ್ಕತ್ತೆ. ಊಟಾನ ಜಾಸ್ತಿ ಮಾಡಬೇಡಿ, ಅಷ್ಟನ್ನೇ ಭಾಗ ಮಾಡಿ ರಾತ್ರಿ ಮಲಗೋ ಮುಂಚೆ ಹತ್ತು ಗಂಟೆಗೆ ಒಂದು ಹಿಡಿ ಕೊಡಿ. ಒಂದು ವಾರ ಹಾಗೆ ಮಾಡಿ ನೋಡಿ, ಆಮೇಲೂ ನಿಲ್ಲದಿದ್ರೆ ಕರ್ಕೊಂಡು ಬನ್ನಿ, ಆಗ ಬೇರೆ ಏನಿದೆ ಅಂತ ಹುಡುಕೋಣ.