ಕಾರಿನ ಹೊರತಾಪದ ಸೆನ್ಸರ್: ತಪ್ಪು ಯಾವ ಕಡೆಗೆ ವಾಲಿದೆ?

ಏಪ್ರಿಲ್ ತಿಂಗಳ ಮಧ್ಯಾಹ್ನ ಮೈಸೂರಿನ ನೆರಳಿನಲ್ಲೇ 35 ಡಿಗ್ರಿ ಸೆಲ್ಸಿಯಸ್ ತಾಪವಿರುವಾಗ ಕಾರಿನ ಡ್ಯಾಶ್‌ಬೋರ್ಡು 25 ಎಂದು ತೋರಿಸಿದರೆ, ಸೆನ್ಸರ್ ಹೋಗಿದೆ, ಹೊಸದು ಹಾಕಿಸಿ ಎಂಬ ಸಲಹೆ ಕೂಡಲೇ ಸಿಗುತ್ತದೆ. ಹೊಸದನ್ನು ಹಾಕಿಸಿದ ಮೇಲೂ ಅದೇ 25 ಕಾಣಿಸಿಕೊಳ್ಳುವುದುಂಟು. ಏಕೆಂದರೆ ಕಾರಿನ ಕಂಪ್ಯೂಟರಿಗೆ ತಲುಪುವುದು ತಾಪಮಾನವಲ್ಲ, ಒಂದು ವಿದ್ಯುತ್ ರೋಧದ ಅಳತೆ. ಆ ರೋಧದಲ್ಲಿ ಸೆನ್ಸರಿನ ಪಾಲಿನ ಜೊತೆಗೆ ವೈರು, ಕನೆಕ್ಟರು, ಅದರೊಳಗೆ ಸೇರಿದ ತೇವ ಎಲ್ಲದರ ಪಾಲೂ ಇರುತ್ತದೆ. ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ತಪ್ಪು ಯಾವ ದಿಕ್ಕಿಗಿದೆ, ದಿನದ ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ ಎಂಬುದನ್ನು ಗಮನಿಸಿದರೆ ದೋಷದ ಜಾಗ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಈ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿಗಿಂತ ಮುಂಚೆ ಗಾಳಿ ಬಡಿಯುವ ಕಡೆ ಇರುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಯ ಅಡಿಯಲ್ಲಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಮ್ಯಾಂಗನೀಸ್, ನಿಕಲ್ ಮೊದಲಾದ ಲೋಹಗಳ ಆಕ್ಸೈಡಿನಿಂದ ಮಾಡಿದ ಒಂದು ಪುಟ್ಟ ಮಣಿ. ತಾಮ್ರದ ತಂತಿ ಬಿಸಿಯಾದಷ್ಟೂ ಅದರ ರೋಧ ಹೆಚ್ಚಿದರೆ, ಈ ಮಣಿಯಲ್ಲಿ ರೋಧ ಇಳಿಯುತ್ತದೆ. ಇಂಥ ಗುಣವನ್ನು ಮೈಕೇಲ್ ಫ್ಯಾರಡೆ 1833ರಲ್ಲಿ ಬೆಳ್ಳಿಯ ಸಲ್ಫೈಡಿನಲ್ಲಿ ಗುರುತಿಸಿದ್ದರು. ಇಂದು ಇದನ್ನು ಥರ್ಮಿಸ್ಟರ್ ಎನ್ನುತ್ತೇವೆ. ಅಂಕಿಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆಯಾದರೂ, ಬಳಕೆಯಲ್ಲಿರುವ ಒಂದು ಬಗೆಯಲ್ಲಿ 25 ಡಿಗ್ರಿಗೆ 10 ಕಿಲೋ ಓಮ್ ಇರುವ ರೋಧ 35 ಡಿಗ್ರಿಗೆ ಸುಮಾರು 6.5ಕ್ಕೆ ಇಳಿಯುತ್ತದೆ, ಸೊನ್ನೆ ಡಿಗ್ರಿಗೆ 32ನ್ನು ದಾಟುತ್ತದೆ. ಕಂಪ್ಯೂಟರು 5 ವೋಲ್ಟನ್ನು ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ ಕಳುಹಿಸಿ, ಸೆನ್ಸರಿನ ತುದಿಯಲ್ಲಿ ಎಷ್ಟು ವೋಲ್ಟ್ ಉಳಿಯಿತೆಂದು ನೋಡಿ, ತನ್ನಲ್ಲಿರುವ ಪಟ್ಟಿಯಿಂದ ತಾಪವನ್ನು ಓದಿಕೊಳ್ಳುತ್ತದೆ.

ಈಗ ಮಂಡ್ಯ ಕಡೆಯ ಒಂದು ಕಾರನ್ನು ನೋಡೋಣ. ನಾಲೆಯ ಪಕ್ಕದ ಹಳ್ಳಿಯ ದಾರಿ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗೆ ತಂದ ಕೆಸರು, ಆಮೇಲೆ ಒತ್ತಡದ ನೀರು ಹೊಡೆದು ಮಾಡುವ ವಾಟರ್ ಸರ್ವಿಸ್. ಬಂಪರಿನ ಹಿಂದಿನ ಕನೆಕ್ಟರನ್ನು ಬಿಚ್ಚಿದರೆ ತಾಮ್ರದ ಪಿನ್ನುಗಳ ಬುಡದಲ್ಲಿ ಹಸಿರು ಹಿಡಿದಿರುತ್ತದೆ. ಆ ಹಸಿರು ಪದರ 3.5 ಕಿಲೋ ಓಮಿನಷ್ಟು ರೋಧವನ್ನು ಸೇರಿಸಿದೆ ಎಂದುಕೊಳ್ಳಿ. ಸೆನ್ಸರಿನ 6.5ಕ್ಕೆ ಇದು ಕೂಡಿ 10 ಆಯಿತು. ಕಂಪ್ಯೂಟರ್ 25 ಡಿಗ್ರಿ ಎಂದಿತು. ಸೆನ್ಸರ್ ನೆಟ್ಟಗಿದೆ, ಕಂಪ್ಯೂಟರೂ ನೆಟ್ಟಗಿದೆ, ಉತ್ತರ ಮಾತ್ರ 10 ಡಿಗ್ರಿ ತಪ್ಪಿದೆ. ಇದೇ ಕಾರನ್ನು ಡಿಸೆಂಬರ್ ಬೆಳಿಗ್ಗೆ 16 ಡಿಗ್ರಿಯಲ್ಲಿ ನೋಡಿದರೆ, ಸೆನ್ಸರಿನ ರೋಧವೇ ಸುಮಾರು 15 ಕಿಲೋ ಓಮ್ ಇರುವುದರಿಂದ ಅದೇ ತುಕ್ಕು ಉಂಟುಮಾಡುವ ತಪ್ಪು ನಾಲ್ಕು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಂದರೆ ನಿಜಕ್ಕಿಂತ ತಂಪಾಗಿ ತೋರಿಸುತ್ತಾ, ಬಿಸಿಲೇರಿದಂತೆ ತಪ್ಪೂ ಏರುವ ಕಾರಿನಲ್ಲಿ ಮೊದಲು ಶಂಕಿಸಬೇಕಾದುದು ಕನೆಕ್ಟರನ್ನು.

ಎರಡು ಪಿನ್ನುಗಳ ನಡುವೆ ತೇವ ಕುಳಿತು ವಿದ್ಯುತ್ತು ಸೋರಿದಾಗ ಆಗುವುದು ಇದಕ್ಕೆ ತದ್ವಿರುದ್ಧ. ಒಟ್ಟು ರೋಧ ತಗ್ಗಿ, ಕಾರು ನಿಜಕ್ಕಿಂತ ಬಿಸಿಯಾಗಿ ತೋರಿಸುತ್ತದೆ, ಮತ್ತು ಈ ತಪ್ಪು ತಂಪು ಹೊತ್ತಿನಲ್ಲೇ ದೊಡ್ಡದಾಗಿರುತ್ತದೆ. ವೈರನ್ನು ಇಲಿ ಕಡಿದು ಪೂರ್ತಿ ತುಂಡಾದರೆ ರೋಧ ಅನಂತವಾಗಿ, ಅನೇಕ ಕಾರುಗಳಲ್ಲಿ ಮೈನಸ್ 40 ಅಥವಾ ಬರೀ ಗೆರೆಗಳು ಕಾಣುತ್ತವೆ. ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಸ್ಕ್ಯಾನರಿನಲ್ಲಿ ಪಿ0073 ಎಂಬ ಕೋಡು ವೋಲ್ಟ್ ಮೇಲಿದೆ ಎಂದು, ಅಂದರೆ ವೈರು ತುಂಡಾಗಿರಬಹುದೆಂದು ಹೇಳುತ್ತದೆ; ಪಿ0072 ಶಾರ್ಟ್ ಆದುದನ್ನು ಸೂಚಿಸುತ್ತದೆ.

ಮೈನಸ್ 40 ಎಂಬ ಅಂಕಿ ಬರೀ ನೋಟದ ತೊಂದರೆಯಲ್ಲ. ಹೊರಗೆ ಬಹಳ ಚಳಿಯಿರುವಾಗ ಏಸಿ ಕಂಪ್ರೆಸರ್ ಓಡಬಾರದೆಂಬ ರಕ್ಷಣೆ ಹಲವು ಕಾರುಗಳಲ್ಲಿರುವುದರಿಂದ, ಸುಡುಬಿಸಿಲಿನಲ್ಲೂ ಏಸಿ ತಂಪು ಕೊಡುವುದನ್ನು ನಿಲ್ಲಿಸಬಹುದು. ಗ್ಯಾಸ್ ತುಂಬಿಸಿ ಹಣ ಕಳೆಯುವ ಮುನ್ನ ಈ ಅಂಕಿಯತ್ತ ಕಣ್ಣು ಹಾಯಿಸುವುದು ಲೇಸು.

ದೋಷವೇ ಇಲ್ಲದೆ ತಪ್ಪು ಕಾಣುವ ಸಂದರ್ಭವೂ ಇದೆ. ಬೆಂಗಳೂರಿನಿಂದ ಬಂದ ಕಾರು ಗಣಂಗೂರು ಟೋಲಿನಲ್ಲಿ ನಿಂತರೆ ಇಂಜಿನ್ನಿನ ಹಾಗೂ ಡಾಂಬರಿನ ಕಾವು ಬಂಪರಿನ ಹಿಂದೆ ಸೇರಿಕೊಂಡು ಅಂಕಿ ಏರಬಹುದು. ಇದನ್ನು ತಡೆಯಲೆಂದೇ ತಯಾರಕರು ಅಂಕಿ ಇಳಿಯುವಾಗ ಬೇಗ, ಏರುವಾಗ ನಿಧಾನವಾಗಿ, ಅದೂ ಕಾರು ಒಂದಿಷ್ಟು ವೇಗದಲ್ಲಿ ಓಡುತ್ತಿರುವಾಗ ಮಾತ್ರ ಬದಲಾಗುವಂತೆ ಮಾಡಿರುವುದು ಸಾಮಾನ್ಯ. ರಸ್ತೆ ಉಬ್ಬಿಗೆ ಬಂಪರ್ ಉಜ್ಜಿ, ಕ್ಲಿಪ್ಪಿನಿಂದ ಕಳಚಿದ ಸೆನ್ಸರ್ ರೇಡಿಯೇಟರಿನ ಮೈಗೆ ತಾಗಿ ನೇತಾಡುತ್ತಿದ್ದರೂ ಬಿಸಿಯನ್ನೇ ತೋರಿಸುತ್ತದೆ. ಅಲ್ಲಿ ಅದು ಹೇಳುತ್ತಿರುವುದು ಸತ್ಯವೇ, ಕುಳಿತ ಜಾಗ ಮಾತ್ರ ಸರಿಯಿಲ್ಲ.

ಪರೀಕ್ಷೆಯನ್ನು ರಾತ್ರಿಯಿಡೀ ನೆರಳಿನಲ್ಲಿ ನಿಂತ ಕಾರಿನಲ್ಲಿ, ಇಂಜಿನ್ ಚಾಲೂ ಮಾಡದೆ, ಬರೀ ಇಗ್ನಿಷನ್ ಹಾಕಿ ಆರಂಭಿಸಬೇಕು. ಆಗ ಕೂಲೆಂಟ್ (ಇಂಜಿನ್ ತಣಿಸುವ ದ್ರವ), ಇಂಜಿನ್ನಿಗೆ ಹೋಗುವ ಗಾಳಿ, ಹೊರಗಾಳಿ ಮೂರರ ತಾಪವೂ ಹೆಚ್ಚುಕಡಿಮೆ ಒಂದೇ ಆಗಿರಬೇಕು; ಸ್ಕ್ಯಾನರಿನ ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಅಂಕಿಗಳಲ್ಲಿ, ಒಂದು ಮಾತ್ರ ದೂರ ನಿಂತಿದ್ದರೆ ಅದೇ ತಪ್ಪಿತಸ್ಥ. ಆಮೇಲೆ ಇಗ್ನಿಷನ್ ಆರಿಸಿ, ಸೆನ್ಸರನ್ನು ಬಿಚ್ಚಿ, ಪುಡಿ ಮಾಡಿದ ಐಸಿಗೆ ನೀರು ಸೇರಿಸಿದ ಲೋಟದಲ್ಲಿ ಅದರ ತುದಿಯನ್ನಷ್ಟೇ ಅದ್ದಿ ಮಲ್ಟಿಮೀಟರಿನಿಂದ ರೋಧ ಅಳೆಯಬಹುದು; ಮೇಲೆ ಹೇಳಿದ ಬಗೆಯಲ್ಲಿ ಅದು 32 ಕಿಲೋ ಓಮನ್ನು ದಾಟಿರಬೇಕು. ಮೈಸೂರಿನ ಎತ್ತರದಲ್ಲಿ ನೀರು ಕುದಿಯುವ ತಾಪ 100ಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಯಾದರೂ, ಐಸ್ ಕರಗುವ ತಾಪ ಸೊನ್ನೆಯಾಗಿಯೇ ಉಳಿಯುವುದರಿಂದ ಇದನ್ನು ನಂಬಬಹುದು. ಸೆನ್ಸರನ್ನು ಅಂಗೈಯಲ್ಲಿ ಹಿಡಿದಾಗ ರೋಧ ಜಿಗಿಯದೆ, ನಿಲ್ಲದೆ ಇಳಿಯಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಖಚಿತವಾದ ಪರೀಕ್ಷೆ ಬೇರೆಯೇ ಇದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವ 10 ಕಿಲೋ ಓಮಿನ ರೋಧಕವೊಂದನ್ನು ಸೆನ್ಸರಿನ ಬದಲಿಗೆ ಕನೆಕ್ಟರಿಗೆ ಸೇರಿಸಿ ನೋಡುವುದು. ಮೇಲೆ ಹೇಳಿದ ಬಗೆಯ ಕಾರಿನಲ್ಲಿ ಲೈವ್ ಡೇಟಾ 25ರ ಹತ್ತಿರ ಬಂದರೆ ವೈರಿಂಗ್ ಮತ್ತು ಕಂಪ್ಯೂಟರ್ ಎರಡೂ ನಿರ್ದೋಷಿ, ಸೆನ್ಸರನ್ನು ಧೈರ್ಯವಾಗಿ ಬದಲಿಸಬಹುದು. ಬೇರೆ ಬಗೆಯ ಕಾರಿಗೆ ಅದರ ಸರ್ವಿಸ್ ಮ್ಯಾನ್ಯುಯಲ್ಲಿನ ಅಂಕಿಯನ್ನು ನೋಡಿ ರೋಧಕವನ್ನು ಆರಿಸಿಕೊಳ್ಳಬೇಕು.

ರಿಪೇರಿ ಆದ ಮೇಲೆ ಹಳೆಯ ಅಂಕಿ ಸ್ವಲ್ಪ ಹೊತ್ತು ಉಳಿದುಕೊಳ್ಳಬಹುದು, ಕಾರನ್ನು ಓಡಿಸಬೇಕು. ಅದಕ್ಕೆ ಚಾಮುಂಡಿ ಬೆಟ್ಟ ಒಳ್ಳೆಯ ಜಾಗ. ಊರಿಗಿಂತ ಬೆಟ್ಟ ಸುಮಾರು 300 ಮೀಟರ್ ಎತ್ತರವಿದ್ದು, ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುವ ಸರಾಸರಿ ಲೆಕ್ಕದಲ್ಲಿ ಮೇಲೆ ಎರಡು ಡಿಗ್ರಿಯಷ್ಟು ತಂಪಿರಬೇಕು. ಮುಂಜಾನೆ ತಣ್ಣನೆಯ ಗಾಳಿ ತಪ್ಪಲಲ್ಲಿ ತಂಗಿ ಈ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು, ಆದ್ದರಿಂದ ಗಾಳಿಯಾಡುವ ಮಧ್ಯಾಹ್ನವನ್ನೇ ಆರಿಸಿಕೊಂಡು, ಅಂಕಿ ಬೇಗ ಬದಲಾಗುವ ದಿಕ್ಕಾದ ಹತ್ತುವ ದಾರಿಯಲ್ಲೇ ನೋಡಬೇಕು.